ಜ್ವರಕ್ಕೆ ಕೂತ ಕಂಪ್ಯೂಟರ್

ಇವತ್ತು ಬೆಳಿಗ್ಗೆ ನಿಂಬೆಕಾಯಿ ಉಪ್ಪಿನಕಾಯಿಯ ಅಳತೆ ನೋಡೋಣವೆಂದು ಅಡುಗೆ ಬರೆದಿಟ್ಟ ನೋಟ್‌ಬುಕ್ ತೆಗೆದೆ. ಹಾಳೆಗಳ ನಡುವಿನಿಂದ ನೀಲಿ ಬಣ್ಣದ ಪುಟ್ಟ ಪ್ಲಾಸ್ಟಿಕ್ ತುಂಡೊಂದು ಜಾರಿ ಬಿತ್ತು. ಅದರ ಮೇಲೆ ಬೂದು ಪೇಸ್ಟಿನ ಕಲೆ ಇನ್ನೂ ಹಾಗೇ ಇದೆ. ಮೊದಲು ನಗು ಬಂತು, ಹಿಂದೆಯೇ ಕಿವಿ ಬಿಸಿಯಾಯಿತು.

ಎರಡು ವರ್ಷದ ಹಿಂದಿನ ಮಾತು. ನನ್ನ ನಾದಿನಿ ಶಾರದಾ ಆಗ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ನಿಂತು ನಿಂತು ಪಾದ ಊದಿಕೊಂಡು, ಚಪ್ಪಲಿಯ ಪಟ್ಟಿಯ ಗುರುತು ಚರ್ಮದ ಮೇಲೆ ಬಿದ್ದಿರುತ್ತಿತ್ತು. ಭಾನುವಾರಗಳಲ್ಲಿ ಗೌರಿಬಿದನೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುವುದನ್ನು ಕಲಿತಿದ್ದಳು. "ಒಂದು ತಿಂಗಳು ರಜೆ ಹಾಕಿದೀನಿ ಅತ್ತಿಗೆ. ಶನಿವಾರದೊಳಗೆ ಮೊದಲನೇ ಆಲ್ಬಂ ಕೊಟ್ರೆ ಸ್ಟುಡಿಯೋದವರು ಕೆಲಸ ಕೊಡ್ತಾ ಹೋಗ್ತಾರೆ. ಇಲ್ದಿದ್ರೆ ಸೋಮವಾರ ನನ್ನ ಪಾಡಿಗೆ ನಾನು ಕಾರ್ಖಾನೆ ಬಸ್ಸು ಹತ್ತೋದು" ಎಂದಿದ್ದಳು.

ಆ ಕೆಲಸಕ್ಕೆಂದು ಕಂಪ್ಯೂಟರನ್ನು ನಾವಿಬ್ಬರೇ ಜೋಡಿಸಿದೆವು. ಅಯ್ಯೋ, ಆ ದಿನದ ಸಂಭ್ರಮ ಏನು ಹೇಳಲಿ! ಮಂಚದ ಮೇಲೆ ಹಳೇ ಬೆಡ್‌ಶೀಟು ಹಾಸಿ, ಬಿಡಿ ಭಾಗಗಳನ್ನು ಬಾಗಿನದ ಮೊರದಲ್ಲಿ ಜೋಡಿಸುವಂತೆ ಸಾಲಾಗಿ ಇಟ್ಟೆವು. ಸ್ಕ್ರೂಗಳು ಒಗ್ಗರಣೆ ಡಬ್ಬದ ಬಟ್ಟಲುಗಳಲ್ಲಿ: ಸಾಸಿವೆ ಬಟ್ಟಲಲ್ಲಿ ಸಣ್ಣವು, ಮೆಂತ್ಯದ ಬಟ್ಟಲಲ್ಲಿ ದೊಡ್ಡವು. ಶಾರದಾ ಮೊಬೈಲಿನಲ್ಲಿ ವಿಡಿಯೋ ನೋಡಿ ಹೇಳುವುದು, ನಾನು ಕೂರಿಸುವುದು. "ನಿಮ್ಮ ಕೈ ನಾಜೂಕು ಅತ್ತಿಗೆ" ಎಂದು ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿ ಹೀರುವ ಕೂಲರನ್ನು ನನ್ನ ಕೈಗೇ ಕೊಟ್ಟಳು. ನಾನು ಉಬ್ಬಿಹೋದೆ.

ಸ್ವಿಚ್ಚು ಹಾಕಿದಾಗ ಫ್ಯಾನುಗಳು ತಿರುಗಿ, ಪರದೆ ಬೆಳಗಿತು. ಇಬ್ಬರೂ ಕಿರುಚಿಕೊಂಡೆವು. ಹತ್ತೇ ನಿಮಿಷ! ಪರೀಕ್ಷೆಗೆಂದು ಹಾಕಿದ್ದ ಮದುವೆ ವಿಡಿಯೋದಲ್ಲಿ ಮದುಮಗಳು ಅಕ್ಷತೆ ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಳು. ಮೌಸ್ ಅಲುಗದು, ಕೀಲಿ ಒತ್ತಿದರೆ ಕೇಳದು. ಕಂಪ್ಯೂಟರ್ ಹ್ಯಾಂಗ್ ಆಗಿತ್ತು.

ನಮ್ಮ ಅತ್ತೆ ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವರು. ಬಾಗಿಲಲ್ಲಿ ನಿಂತು ನೋಡಿ, "ಜ್ವರಕ್ಕೆ ಕೂತಿದೆ ಬಿಡ್ರಮ್ಮ" ಎಂದರು. ಹುಳು ಪೊರೆ ಬಿಡುವ ಮುಂಚೆ ಎಲೆ ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದಲ್ಲ, ಅದಕ್ಕೆ ಅವರ ಕಡೆ ಜ್ವರ ಎನ್ನುತ್ತಾರೆ. "ಮುಟ್ಟಬ್ಯಾಡಿ. ತಾನೇ ಏಳ್ತದೆ."

"ಅಮ್ಮಾ, ಇದೇನು ಹುಳಾನಾ?" ಎಂದಳು ಶಾರದಾ.

"ಹುಳ ಆಗಿದ್ರೆ ಇಷ್ಟೊತ್ತಿಗೆ ಗೂಡು ಕಟ್ಟಿರ್ತಿತ್ತು ಕಣೇ!"

ಮೂರು ದಿನ ನಾವು ಮಾಡದ ಉಪಾಯವಿಲ್ಲ. ರ‍್ಯಾಮ್ ಕಿತ್ತು ಇನ್ನೊಂದು ಸಂದಿಗೆ ಹಾಕಿದೆವು. ವಿಂಡೋಸ್ ಅಳಿಸಿ ಮತ್ತೆ ಹಾಕಿದೆವು. ಫ್ರಿಜ್ಜಿನ ಪ್ಲಗ್ಗು ಕಿತ್ತು ಅಲ್ಲಿಗೆ ಚುಚ್ಚಿದ್ದಕ್ಕೆ ಹಾಲು ಒಡೆಯಿತು, ಅಷ್ಟೇ ಲಾಭ. ಶಾಖ ತೋರಿಸುವ ಆ್ಯಪು ಹಾಕಿ ನೋಡಿದರೆ ತೊಂಬತ್ತೆಂಟು ಡಿಗ್ರಿ! ಕೂಲರಿನ ಫ್ಯಾನೇನೋ ತಿರುಗುತ್ತಿತ್ತು. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನೂ ಇಟ್ಟೆವು. ಜಗ್ಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಶಾರದಾ ಮೂಲೆಯಿಂದ ಕಾರ್ಖಾನೆಯ ಚಪ್ಪಲಿ ತೆಗೆದು ಧೂಳು ಒರೆಸಿದಳು. ನನಗೆ ಅದನ್ನು ನೋಡಲಾಗಲಿಲ್ಲ.

ಆಗಲೇ ಮತ್ತೊಮ್ಮೆ ಹ್ಯಾಂಗ್ ಆಯಿತು. ಪ್ಲಗ್ಗು ಕಿತ್ತೆವು. ಅತ್ತೆ ಬಂದು, ಮೊಮ್ಮಗುವಿನ ಹಣೆ ಮುಟ್ಟುವಂತೆ ಅಂಗೈ ತಿರುಗಿಸಿ ಕೂಲರಿನ ಲೋಹ ಮುಟ್ಟಿದರು.

"ಎಷ್ಟು ಜ್ವರ ಅಂದ್ರಿ?"

"ತೊಂಬತ್ತೆಂಟು ಅಮ್ಮ, ಕುದಿಯೋ ನೀರಿನಷ್ಟು."

"ಸುಳ್ಳು. ತಣ್ಣಗೈತಲ್ಲೇ! ಒಳಗಿನ ಬಿಸಿ ಮೈಗೇ ಬಂದಿಲ್ಲ. ನಡುವೆ ಏನು ಹೊದಿಸಿದ್ದೀರಿ?"

ಹೊದಿಸಿದ್ದೀರಿ! ಆ ಒಂದು ಮಾತಿಗೆ ನನಗೆಲ್ಲ ಹೊಳೆದುಬಿಟ್ಟಿತು. ಇಲ್ಲಿ ನಿಮಗೆ ನನ್ನ ಚಾಳಿ ಹೇಳಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೊಸ ಪುಸ್ತಕಕ್ಕೆ ಬ್ರೌನ್ ಪೇಪರ್, ಅದರ ಮೇಲೆ ಪ್ಲಾಸ್ಟಿಕ್ ಹಾಕಿಸುತ್ತಿದ್ದರು. ಪುಸ್ತಕ ಮುಗಿದರೂ ಚಾಳಿ ಮುಗಿಯಲಿಲ್ಲ. ನಮ್ಮನೆ ರಿಮೋಟು ಇಂದಿಗೂ ಕವರಿನೊಳಗೇ ಇದೆ. ಗೋಡೆ ಗಡಿಯಾರದ ಗಾಜಿನ ಮೇಲಿನ ತೆಳು ಹಾಳೆಯನ್ನೂ ಕೀಳಗೊಟ್ಟಿಲ್ಲ. ಗಂಟೆ ಸ್ವಲ್ಪ ಮಸುಕಾಗಿ ಕಾಣುತ್ತದೆ, ಅಷ್ಟೇ. ಕೂಲರಿನ ತಳದಲ್ಲಿ ಕನ್ನಡಿಯಂಥ ತಾಮ್ರ, ಅದಕ್ಕೆ ನೀಲಿ ಹಾಳೆ. ಎಷ್ಟು ಚೆನ್ನಾಗಿದೆ, ಗೀರು ಬೀಳದಿರಲಿ ಎಂದು ಹಾಳೆಯ ಸಮೇತ ಕೂರಿಸಿದ್ದೆ!

ಹೇಳದೆಯೇ ಗುಟ್ಟಾಗಿ ಕಿತ್ತುಬಿಡಲೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಆ ಚಪ್ಪಲಿ ಎದುರಿಗೇ ಇತ್ತು. "ಶಾರದಾ, ತಪ್ಪು ನಂದು ಕಣೇ. ಪ್ಲಾಸ್ಟಿಕ್ ಕಿತ್ತಿಲ್ಲ" ಎಂದೆ.

ಅವಳು ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಮಂಚದ ಮೇಲೆ ಕುಸಿದು ನಗತೊಡಗಿದಳು. "ಅತ್ತಿಗೆ, ಮದುವೇಲಿ ಅಣ್ಣಂಗೂ ಕವರ್ ಹಾಕ್ಬಿಡ್ಬೇಕಿತ್ತು ನೀವು!"

ಕೂಲರ್ ಬಿಚ್ಚಿ, ಹಾಳೆ ಸುಲಿದು, ಶಾಖ ದಾಟಿಸುವ ಪೇಸ್ಟನ್ನು ಹೊಸದಾಗಿ ಹಚ್ಚಿ ಕೂರಿಸಿದೆವು. ಐವತ್ತೆರಡು ಡಿಗ್ರಿ! ಮದುಮಗಳ ಕೈಯಿಂದ ಕೊನೆಗೂ ಅಕ್ಷತೆ ಬಿತ್ತು. ಅತ್ತೆ "ಪೊರೆ ಬಿಡ್ತು ನೋಡಿ, ಇನ್ನು ಮೇಯ್ತದೆ" ಎಂದರು. ಆಲ್ಬಂ ಶನಿವಾರ ಮಧ್ಯಾಹ್ನ ಸ್ಟುಡಿಯೋ ಸೇರಿತು.

ಆ ಚಪ್ಪಲಿ ಹಾಕಿಕೊಂಡು ಶಾರದಾ ಈಗ ತರಕಾರಿ ತರಲು ಹೋಗುತ್ತಾಳೆ. ಇದನ್ನು ಬರೆಯುತ್ತಿರುವಾಗ ಮುಂದಿನ ಕೋಣೆಯಿಂದ ಅವಳ ಮೌಸಿನ ಟಿಕ್ ಟಿಕ್ ಕೇಳುತ್ತಿದೆ. ನೀಲಿ ತುಂಡನ್ನು ಮತ್ತೆ ಉಪ್ಪಿನಕಾಯಿಯ ಪುಟದಲ್ಲೇ ಇಟ್ಟೆ. ಆಮೇಲೆ ಸ್ಟೂಲು ಹತ್ತಿ, ಗೋಡೆ ಗಡಿಯಾರದ ಹಾಳೆಯ ಮೂಲೆಗೆ ಉಗುರು ಹಾಕಿದೆ. ಚರ್ರೆಂದು ಬಂತು. ಮುಳ್ಳುಗಳ ತುದಿಯಲ್ಲಿ ಚಿಕ್ಕ ಚಿಕ್ಕ ಚಿನ್ನದ ಎಲೆಗಳಿವೆ. ಹದಿನೆಂಟು ವರ್ಷ, ನಾನು ನೋಡಿಯೇ ಇರಲಿಲ್ಲ.