ಹೆಲ್ಮೆಟ್ ಆರಿಸುವ ಗಂಡ
ಟೈಲರಮ್ಮನ ಗಂಡ ಹೆಂಡತಿಗೊಂದು ಹೆಲ್ಮೆಟ್ ಆರಿಸಲು ಕೂತು ಐದು ತಿಂಗಳಾಯಿತು. ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿರುವಾಗಲೇ ಅವಳ ಅಳತೆ ಟೇಪು ಕಸಿದು ಅವಳ ಹಣೆಗೇ ಸುತ್ತುತ್ತಾನೆ, ದಿನಕ್ಕೊಂದು ಇಂಚು ತಲೆ ಬೆಳೆಯುವುದೇನೋ ಎಂಬಂತೆ. ಹಳೇ ಕಾಲದ ಬೈಕ್ ಸವಾರರ ಹೆಲ್ಮೆಟ್ಟಿನಂತೆ ದುಂಡಗಿರಬೇಕು, ಕೆನೆ ಬಣ್ಣದ್ದಾಗಿರಬೇಕು, ದವಡೆಯನ್ನೂ ಮುಚ್ಚಬೇಕು. ದವಡೆ ಮುಚ್ಚುವುದು ಸಿಕ್ಕರೆ ಬಣ್ಣ ಒಪ್ಪುವುದಿಲ್ಲ, ಬಣ್ಣ ಒಪ್ಪಿದರೆ ಸುರಕ್ಷತೆಯ ಮುದ್ರೆ ಇರುವುದಿಲ್ಲ. ಅವನ ಚಾಚಿದ ಕಾಲು ದಾಟಿಕೊಂಡೇ ಅವಳು ಕಸ ಗುಡಿಸಿ, ಅಡುಗೆ ಮುಗಿಸಿ, ಹೊಲಿದ ಬಟ್ಟೆ ತಲುಪಿಸಲು ಸ್ಕೂಟರ್ ಹತ್ತುತ್ತಾಳೆ. ತಲೆಯ ಮೇಲೆ ಅದೇ ಹಳೆಯ ಹೆಲ್ಮೆಟ್. ಬಕಲ್ ಮುರಿದಿದ್ದರಿಂದ ಗದ್ದದ ಕೆಳಗೆ ಬಟ್ಟೆ ಚೂರಿನ ಗಂಟು. "ಐದು ನಿಮಿಷದಲ್ಲಿ ಅಂಗಿ ಅಳತೆ ತಗೋತೀನಲ್ಲ ರೀ ನಾನು," ಎಂದರೆ, "ಅಂಗಿ ಬಿಗಿಯಾದ್ರೆ ಬಿಚ್ಚಿ ಹೊಲೀಬಹುದು ಕಣೇ, ತಲೆ ಹೊಲಿಯೋಕಾಗುತ್ತಾ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಂದು ಅವನು ಸ್ನಾನಕ್ಕೆ ಹೋದಾಗ ಅವಳು, ಅವನು ನೋಡಿದ ಹೆಲ್ಮೆಟ್ಟುಗಳನ್ನೆಲ್ಲ ಪಟ್ಟಿ ಮಾಡುತ್ತಿದ್ದ ನೋಟ್‌ಬುಕ್ ತೆರೆದಳು. ನಲವತ್ತೊಂದು ಹೆಲ್ಮೆಟ್, ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ: 'ಮತ್ತೆ ಎಡಕ್ಕೇ ಬಿದ್ದರೆ?' ಹೋದ ವರ್ಷ ಸ್ಕೂಟರಿನಿಂದ ಬಿದ್ದಾಗ ಎಡ ಹುಬ್ಬಿಗೆ ಹಾಕಿದ ಹೊಲಿಗೆ ಅವಳಿಗೇ ಮರೆತುಹೋಗಿತ್ತು. ಬೆರಳಿನಿಂದ ಆ ಹುಬ್ಬು ಸವರಿಕೊಂಡಳು. ಆಮೇಲೆ ಮೊದಲು ಕಣ್ಣಿಗೆ ಬಿದ್ದ, ಮುದ್ರೆಯಿದ್ದ ಹೆಲ್ಮೆಟ್ಟಿನ ಹೆಸರು ಬರೆದುಕೊಂಡು, ಬಚ್ಚಲ ಬಾಗಿಲು ತಟ್ಟಿ ಹೇಳಿದಳು: "ಅಂಗಡಿಗೆ ಹೋಗಿ ತಗೊಂಡೇ ಬರ್ತೀನಿ. ನಿಮ್ಮ ಹೆದರಿಕೇನೇ ತಲೆಗೆ ಹಾಕ್ಕೊಂಡು ಗದ್ದದ ಕೆಳಗೆ ಬಿಗಿಯೋಣ ಅಂದ್ರೆ ಅದಕ್ಕೆ ಬಕಲ್ ಇಲ್ಲ ರೀ. ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕೋಕೆ ಮುಂಚೆ ಬನ್ನಿ."