ಕೆಲಸ ಮಾಡು ಎಂಬ ಮಾತಿಗೆ ಆರು ಬಾಲ

ಅವರೆಕಾಯಿ ಕಾಲದಲ್ಲಿ ನಮ್ಮ ಮನೆಗೆ ಬಂದವರು ಯಾರೇ ಆಗಲಿ, ಬರಿಗೈಯಲ್ಲಿ ಕೂರುವ ಹಾಗಿಲ್ಲ; ನಿಮ್ಮ ಮುಂದೆಯೂ ನೆನೆಸಿದ ಕಾಳಿನ ಒಂದು ಬೋಗುಣಿ ಇಟ್ಟೇ ಮಾತು ಶುರುಮಾಡುತ್ತೇನೆ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಇದಕ್ಕೆ ಬುದ್ಧಿ ಬೇಕಿಲ್ಲ, ಬೆರಳು ಸಾಕು. ಹಾಗಾಗಿ ಬಾಯಿ ಬಿಡುವಾಗಿರುತ್ತದೆ, ಬಿಡುವಾದ ಬಾಯಿ ಊರವರನ್ನು ಬಿಡುವುದಿಲ್ಲ. ಈ ಚಳಿಗಾಲ ಮಾತ್ರ ನನ್ನ ಎದುರಿಗೆ ಕೂತ ಮೊಮ್ಮಗಳು ಚೈತ್ರ ಊರವರನ್ನು ಬಿಟ್ಟು ಸ್ಪ್ಯಾನಿಷ್ ಭಾಷೆಯನ್ನು ಹಿತುಕತೊಡಗಿದಳು.

ಅವಳು ದೇವನಹಳ್ಳಿ ಕಡೆ ಒಂದು ಆಫೀಸಿನಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಾಳೆ. ಸ್ಪ್ಯಾನಿಷ್ ಪರೀಕ್ಷೆ ಪಾಸಾದರೆ ಆ ಭಾಷೆಯವರ ವಿಭಾಗಕ್ಕೆ ಹಾಕುತ್ತಾರಂತೆ, ಕಾಯಂ ಮಾಡುತ್ತಾರಂತೆ. ಇಲ್ಲದಿದ್ದರೆ ಈಗಿರುವ ಕೆಲಸವೂ ಯಾವಾಗ ಬೇಕಾದರೂ ಹೋಗಬಹುದಂತೆ. ಹಾಗಾಗಿ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಪವರ್‌ಲೂಮಿನ ಖಟಖಟಕ್ಕೆ ಸರಿಯಾಗಿ ಆಬ್ಲೊ, ಆಬ್ಲಾಸ್, ಆಬ್ಲಾ ಎಂದು ಹುಡುಗಿಯ ಪಠಣ ನಡೆಯಿತು. ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವನು ಮಾತಾಡುತ್ತಾನೆ ಎಂದು ಅದರ ಅರ್ಥ.

"ಒಂದೊಂದು ಪದಕ್ಕೂ ಆರಾರು ಬಾಲ ಅಜ್ಜಿ, ತಲೆ ಕೆಟ್ಟೋಗುತ್ತೆ," ಎಂದಳು.

"ಹುಟ್ಟಿದಾಗ್ನಿಂದ ಹೋಗ್ತೀನಿ, ಹೋಗ್ತೀಯ, ಹೋಗ್ತಾಳೆ ಅಂತಿದ್ದೀಯಲ್ಲ, ಆಗ ಕೆಡದಿದ್ದ ತಲೆ ಈಗ್ಯಾಕೆ ಕೆಡ್ತದೆ?" ಎಂದೆ.

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ವ್ಯಾಕರಣದ ಜೊತೆ ಅಂಥ ನೆಂಟಸ್ತನವೇನೂ ಇಲ್ಲ. ಆದರೂ ಆ ಭಾಷೆಯಲ್ಲಿ ನನಗೆ ಹಿಡಿಸಿದ ಒಂದು ಸಂಗತಿ ಉಂಟು. ಅಲ್ಲಿ ಅವನಿಗೂ ಅವಳಿಗೂ ಒಂದೇ ಬಾಲ. ಅವನು ಬಂದರೂ ಅಷ್ಟೆ, ಅವಳು ಬಂದರೂ ಅಷ್ಟೆ. ನಾನೋ, ನನ್ನ ಗಂಡ ಬದುಕಿದ್ದಷ್ಟು ಕಾಲವೂ ಬಂದರು, ಉಂಡರು, ಮಲಗಿದರು ಎಂದು ಒಬ್ಬನೇ ಮನುಷ್ಯನನ್ನು ಬಹುವಚನದಲ್ಲಿ ಹೊತ್ತವಳು. ಅವರು ಮಾತ್ರ ಬೀದಿಯಲ್ಲಿ ನಿಂತು, ನಮ್ಮವಳು ಎತ್ಲಾಗೋ ಹೋದ್ಲು ಎನ್ನುತ್ತಿದ್ದರು. ನಿಮ್ಮ ಮನೆಯಲ್ಲಿ ಹೇಗೋ, ನೀವೇ ಯೋಚಿಸಿ.

ಮೂರು ಕುಲದ ಕ್ರಿಯಾಪದಗಳು ಇವೆಯಂತೆ. ಮಾತಾಡು ಒಂದು ಕುಲ, ತಿನ್ನು ಒಂದು ಕುಲ, ಬದುಕು ಇನ್ನೊಂದು. ತನ್ನ ಕುಲದ ಕಟ್ಟಳೆ ಮೀರದೆ ನಡೆಯುವವಕ್ಕೆ ನಿಯಮಿತ ಎಂದು ಹೆಸರು. ಮೀರುವವೂ ಇವೆ. ಅವು ಯಾವುವು ಎಂದು ಕೇಳಿದೆ. "ತುಂಬ ಓಡಾಡೋ ಪದಗಳೇ ಅಜ್ಜಿ. ಇರು, ಹೋಗು, ಇಂಥವೇ. ದಿನಾ ಬೇಕಾಗ್ತವೆ, ಅದಕ್ಕೇ ರೂಲ್ಸ್ ಕೇಳಲ್ಲ," ಎಂದಳು. ಇದನ್ನು ತಿಳಿಯಲು ಸ್ಪೇನಿನ ತನಕ ಹೋಗಬೇಕಿರಲಿಲ್ಲ. ನಮ್ಮ ವಾರ್ಡಿನಲ್ಲಿ ಬಿಳಿ ಕಾರು ಇಟ್ಟುಕೊಂಡವರ ನಡೆಯೂ ಇದೇ.

ಕಾಲಗಳ ವಿಷಯ ಇನ್ನೂ ಚೆನ್ನ. ಹೋದ ಕಾಲ ಅವರಲ್ಲಿ ಎರಡು ಥರ. ಮಾಡಿ ಮುಗಿಸಿದ್ದಕ್ಕೆ ಒಂದು, ಮಾಡುತ್ತಿದ್ದೆ ಎಂದು ಎಳೆಯುವುದಕ್ಕೆ ಇನ್ನೊಂದು. ನನ್ನ ಗಂಡ ಎರಡನೆಯದರಲ್ಲಿ ಪಂಡಿತರು: ಹೊಲ ಉಳುತ್ತಿದ್ದೆ, ಮೂಟೆ ಹೊರುತ್ತಿದ್ದೆ, ಕಂಡವರನ್ನು ಹೆದರಿಸುತ್ತಿದ್ದೆ. ಮಾಡಿ ಮುಗಿಸಿದ್ದು ಏನು ಎಂದು ಕೇಳಿದರೆ ಎಲೆ ಅಡಿಕೆ ಹುಡುಕುತ್ತಿದ್ದರು. ಬರುವ ಕಾಲಕ್ಕಾದರೆ ಪದದಲ್ಲಿ ಏನನ್ನೂ ಕತ್ತರಿಸುವ ಹಾಗಿಲ್ಲ, ಇಡೀ ಪದ ಹಾಗೇ ಇಟ್ಟು ಮೇಲೊಂದು ಬಾಲ ಅಂಟಿಸಿದರೆ ಮುಗಿಯಿತು. ಮೂರು ಕುಲಕ್ಕೂ ಅದೇ ಬಾಲ. ಖರ್ಚಿಲ್ಲದ ಕಾಲ ಎಂದರೆ ಅದೊಂದೇ. ಅದಕ್ಕೇ ನನ್ನ ಮಗ ನಾಗರಾಜನಿಗೆ ಅದೆಂದರೆ ಪ್ರಾಣ. ಅವನದು ಸೈಟು ಮಾರಿಸುವ ದಲ್ಲಾಳಿತನ. ಮೆಟ್ರೋ ಬರುತ್ತೆ, ರಿಂಗ್ ರೋಡು ಬರುತ್ತೆ, ನೀರು ಬರುತ್ತೆ, ರೇಟು ಏರುತ್ತೆ. ಅವನ ಹೆಂಡತಿ ಸಾವಿತ್ರಿಗೆ ಹೋದದ್ದೂ ಇಲ್ಲ, ಬರುವುದೂ ಇಲ್ಲ. ಅವಳು ಯಾವಾಗ ನೋಡಿದರೂ ರುಬ್ಬುತ್ತಿರುತ್ತಾಳೆ, ಒಗೆಯುತ್ತಿರುತ್ತಾಳೆ, ಬಳಿಯುತ್ತಿರುತ್ತಾಳೆ.

ಈ ನಾಗರಾಜನೇ ಮಗಳ ಪರೀಕ್ಷೆಯ ಭಾನುವಾರವೇ ಗಂಡಿನ ಕಡೆಯವರಿಗೆ ಬರಹೇಳಿದ. ಪರೀಕ್ಷೆ ಮಧ್ಯಾಹ್ನ, ಬೆಂಗಳೂರಿನಲ್ಲಿ. ಅವರು ಬೆಳಿಗ್ಗೆಯೇ ಬಂದು ಹೋಗುತ್ತಾರೆ, ಎರಡೂ ಆಗುತ್ತೆ ಎಂದ. ಆಗುತ್ತೆ ಎಂದು ಅವನು ಹೇಳಿದ ಕ್ಷಣವೇ ಒಂದಾದರೂ ಆಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ತ್ಯಾಮಗೊಂಡ್ಲು ಕಡೆಯವರು. ಬೆಳಿಗ್ಗೆ ಬರಬೇಕಾದವರು ಬಂದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಹುಡುಗ, ಅವನ ತಾಯಿ, ಒಬ್ಬ ತಾತ, ಜೊತೆಗೆ ಸಂಬಂಧ ತಂದ ಬ್ರೋಕರ್ ರಂಗಪ್ಪ. ರೇಷ್ಮೆ ಸೀರೆ ಉಟ್ಟು ಚಾಪೆಯ ಮೇಲೆ ಕೂತ ಚೈತ್ರಳ ಕಣ್ಣು ಗೋಡೆ ಗಡಿಯಾರದ ಮೇಲೆ. ನನ್ನನ್ನು ನೋಡಲು ಬಂದಿದ್ದವರು ಸೂಜಿಗೆ ದಾರ ಪೋಣಿಸಲು ಹೇಳಿದ್ದರು, ಸಾವಿತ್ರಿಯಿಂದ ದೇವರನಾಮ ಹೇಳಿಸಿದ್ದೆವು. ಈಗ ಕಾಲ ಬದಲಾಗಿದೆಯಲ್ಲ, ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಅಪ್ಪಣೆ ಕೊಡಿಸಿದರು:

"ಅದ್ಯಾವುದೋ ಸ್ಪೇನ್ ಭಾಷೆ ಬರ್ತದಂತಲ್ಲಮ್ಮ, ಒಂದೆರಡು ಮಾತಾಡು, ಕೇಳಾಣ."

ಹುಡುಗಿ ತಲೆ ಎತ್ತಿದಳು. ತ್ರಬಾಹೊ, ತ್ರಬಾಹಾಸ್, ತ್ರಬಾಹಾ ಎಂದು ಹಿಡಿದವಳು ಉಸಿರು ಬಿಡದೆ ಈಗಿನ ಕಾಲ ಮುಗಿಸಿ, ಹೋದ ಕಾಲದ ಎರಡು ಥರವನ್ನೂ ಮುಗಿಸಿದಳು. ತಾತ ತಟ್ಟೆ ಕೆಳಗಿಟ್ಟು ಎರಡೂ ಕೆನ್ನೆ ಮುಟ್ಟಿಕೊಂಡರು.

"ಯಾವ ದೇವ್ರುದವ್ವಾ ಇದು?"

"ದೇವ್ರುದಲ್ಲ ತಾತ. ಕೆಲಸ ಮಾಡು ಅನ್ನೋ ಪದ. ನಾನು ಕೆಲಸ ಮಾಡ್ತೀನಿ, ನೀನು ಮಾಡ್ತೀಯ, ಅವನು ಮಾಡ್ತಾನೆ..."

"ಮಾಡ್ತಾನಾ?" ಎಂದು ನಾನು ಹುಡುಗನ ಕಡೆ ತಿರುಗಿದೆ.

ಅವನ ಬದಲು ತಾಯಿ ಹೆಮ್ಮೆಯಿಂದ ಹೇಳಿದರು: "ಅಯ್ಯೋ, ನಮ್ಮ ಹುಡುಗ ಕುಡಿದ ಲೋಟ ಎತ್ತಿಟ್ಟೋನಲ್ಲ ಕಣ್ರಮ್ಮ, ಅಷ್ಟು ಮುದ್ದಾಗಿ ಸಾಕಿದ್ದೀವಿ. ಹುಡುಗೀಗೂ ಅಷ್ಟೆ, ಮದ್ವೆ ಆದ್ಮೇಲೆ ಈ ಪರೀಕ್ಷೆ ಗಿರೀಕ್ಷೆ ಎಲ್ಲ ಯಾಕೆ? ಮನೇಲಿ ಆರಾಮಾಗಿ ಇರ್ಲಿ."

ಮನೆಯಲ್ಲಿ ಆರಾಮಾಗಿ ಇರುವುದು ಎಂದರೆ ಏನೆಂದು ನನಗೆ ಗೊತ್ತು. ನಾನು ಈ ಮನೆಯಲ್ಲಿ ಅಷ್ಟು ಆರಾಮಾಗಿದ್ದೇ ಸೊಂಟ ಹೋಗಿದೆ.

"ನೀನೇನಂತೀಯಪ್ಪ?" ಎಂದೆ ಹುಡುಗನಿಗೆ.

"ಅಮ್ಮ ಹೆಂಗಂದ್ರೆ ಹಂಗೆ ಅಜ್ಜಿ."

ಆರು ಬಾಲದಲ್ಲಿ ಮೊದಲನೆಯದು 'ನಾನು' ಎಂಬುದರದು. ಪಾಪ, ಅದೊಂದನ್ನು ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ.

ಅಷ್ಟರಲ್ಲಿ ಚೈತ್ರ ಅಪ್ಪನ ಮುಖ ನೋಡಿದಳು. ಈಗಿನ ಬಸ್ಸು ತಪ್ಪಿದರೆ ಪರೀಕ್ಷೆಯೂ ತಪ್ಪುತ್ತದೆಂದು ಅವನಿಗೂ ಗೊತ್ತು. ಬಗ್ಗಿ ಪಿಸುಗುಟ್ಟಿದ: "ಸುಮ್ನೆ ಕೂತ್ಕೊಳೇ. ಪರೀಕ್ಷೆ ಇನ್ನೊಂದು ಸಲ ಬರುತ್ತೆ."

"ಲೋ ನಾಗ, ಸಂಬಂಧಾನೂ ಇನ್ನೊಂದು ಸಲ ಬರುತ್ತೆ ಕಣೋ," ಎಂದೆ, ಪಿಸುಗುಟ್ಟದೆ. "ಏಳವ್ವ ನೀನು, ಹೊತ್ತಾಯ್ತು."

ಅವಳು ಎದ್ದಳು. ಹಿರಿಯರಿಗೆ ಕೈ ಮುಗಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲ ಕಡೆ ನಡೆದಳು. ಅಲ್ಲಿ ಬಾಗಿಲ ಹಿಂದೆ ಅವಳ ಬ್ಯಾಗು, ನೀರಿನ ಬಾಟಲಿ, ಚಪ್ಪಲಿ ಮೂರೂ ಸಾಲಾಗಿ ಸಿದ್ಧವಾಗಿದ್ದವು. ಬ್ಯಾಗಿನ ಹಿಡಿಗೆ ರವೆ ಮೆತ್ತಿತ್ತು. ಸಾವಿತ್ರಿ ಒಲೆಯ ಕಡೆ ಮುಖ ಮಾಡಿ ಕೇಸರಿಬಾತು ತಿರುವುತ್ತಲೇ ಇದ್ದಳು.

"ಇದೇನ್ರೀ ಇದು, ಹುಡುಗಿ ಎದ್ದು ಹೊಂಟೇ ಹೋಯ್ತಲ್ಲ!" ಎಂದರು ಬೀಗಿತ್ತಿಯಾಗಬೇಕಿದ್ದವರು.

"ಹೋಗ್ತಾಳೆ, ಬರ್ತಾಳೆ. ನೀವು ಉಪ್ಪಿಟ್ಟು ತಿನ್ರಮ್ಮ, ಆರೋಗ್ತದೆ."

ಅವರು ತಿಂದರು. ಮರ್ಯಾದೆ ಹೋದರೂ ಕೇಸರಿಬಾತು ಬಿಡುವ ಜನ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವರು ಹೋದ ಮೇಲೆ ನಾಗರಾಜ ನನ್ನ ಮೇಲೆ ಕೂಗಾಡಿದ. ನಾನು ಉಳಿದ ತಟ್ಟೆ ಲೋಟಗಳನ್ನು ಅವನ ಮುಂದೆ ಜೋಡಿಸಿ, ಕೂಗಾಡುವಾಗ ಕೈ ಬಿಡುವಾಗಿರುತ್ತದಲ್ಲ, ತೊಳೆದುಬಿಡು ಎಂದೆ. ತೊಳೆಯಲಿಲ್ಲ. ಕೂಗಾಟ ಮಾತ್ರ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಚೈತ್ರ ಬಂದಳು. ಬಸ್ಸಿನ ನೂಕಾಟದಲ್ಲಿ ಸೀರೆಯ ನೆರಿಗೆ ಎಲ್ಲೋ, ಹೂವು ಎಲ್ಲೋ. ಹೇಗಾಯಿತು ಎಂದೆ. "ಬರೆದೆ ಅಜ್ಜಿ. ಇರು, ಹೋಗು ಎರಡೂ ಕೈ ಕೊಟ್ಟವು. ಮಿಕ್ಕಿದ್ದೆಲ್ಲ ಬರೆದೆ," ಎಂದು ಅಡಿಗೆಮನೆಯ ನೆಲದ ಮೇಲೆ ಕಾಲು ಚಾಚಿ ಆರಿದ ಉಪ್ಪಿಟ್ಟನ್ನು ಬಾಣಲೆಯಿಂದಲೇ ತಿನ್ನತೊಡಗಿದಳು. ಪಾಸೋ ಫೇಲೋ ಇನ್ನೂ ತಿಳಿದಿಲ್ಲ.

ಆಗಲೇ ರಂಗಪ್ಪನ ಫೋನು ಬಂತು. ನಾಗರಾಜ ಓಡಿಹೋಗಿ ಎತ್ತಿ, ಎಲ್ಲರಿಗೂ ಕೇಳಲೆಂದು ಜೋರು ಮಾಡಿದ.

"ಬೇಡ ಅಂದಿಲ್ಲ ನಾಗರಾಜಣ್ಣ," ಎಂದಿತು ಫೋನು. "ತಾತನಿಗಂತೂ ಹುಡುಗಿ ಬಾಳ ಇಷ್ಟ ಆಗ್ಬಿಟ್ಟದೆ. ಆ ಸ್ಪೇನು ಗೀನು ಬಿಡೋದಾದ್ರೆ ಯೋಚನೆ ಮಾಡಿ ತಿಳಿಸ್ತೀವಿ ಅಂದವ್ರೆ."

ತಿಳಿಸ್ತೀವಿ! ಹೆಣ್ಣು ಹೆತ್ತವರನ್ನು ವರ್ಷಗಟ್ಟಲೆ ಬಾಗಿಲಲ್ಲಿ ನಿಲ್ಲಿಸುವ ಮಾತು ಅದು. ಬರುವ ಕಾಲ ಕಂಡದ್ದೇ ತಡ, ನಾಗರಾಜನ ಮುಖ ಸೈಟಿಗೆ ಗಿರಾಕಿ ಸಿಕ್ಕಂತೆ ಅರಳಿತು. ನಾನು ಚೈತ್ರಳನ್ನು ನೋಡಿದೆ. ಅವಳು ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು ತಲೆ ಆಡಿಸಿದಳು, ಇಲ್ಲ ಎಂದು. ಸಾವಿತ್ರಿಯನ್ನು ನೋಡಿದೆ. ಉಜ್ಜುತ್ತಿದ್ದ ಪಾತ್ರೆಯನ್ನು ಅವಳು ಆ ದಿನ ಮೊದಲ ಸಲ ಕೆಳಗಿಟ್ಟಿದ್ದಳು.

ನಾನು ಮಗನ ಕೈಯಿಂದ ಫೋನು ಕಿತ್ತುಕೊಂಡೆ.

"ಅವ್ರಿಗೆ ಆ ತೊಂದ್ರೆ ಬೇಡ ಅಂತ ಹೇಳು ರಂಗಪ್ಪ. ನಾವು ಯೋಚನೆ ಮಾಡಿ ಆಯ್ತು."