ನಿಂತೇ ಇದ್ದ ನಿರ್ದೇಶಕರು

ಉಕ್ರೇನಿನ ಚಿತ್ರರಂಗಕ್ಕೂ ನವಿ ಮುಂಬಯಿಯ ಘಣಸೋಲಿಯಲ್ಲಿರುವ ನಮ್ಮ ಬಾವನ ಉಡುಪಿ ಹೋಟೆಲಿಗೂ ನಡುವಿನ ಏಕೈಕ ರಾಜತಾಂತ್ರಿಕ ಕೊಂಡಿ ನಾನು. ಪಕ್ಕದ ಠಾಣೆ ನಗರದ ನಮ್ಮ ಫಿಲ್ಮ್ ಸೊಸೈಟಿ ಆ ದೇಶದ ನಿರ್ದೇಶಕರೊಬ್ಬರನ್ನು ಕರೆಸಿತ್ತು. ಅವರ ಚಿತ್ರ ಮುಗಿಯುವಾಗ ಎಚ್ಚರವಿದ್ದ ಸದಸ್ಯರು ವಿರಳವಾದ್ದರಿಂದ, ಅತಿಥಿಯನ್ನು ಸುತ್ತಾಡಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಅವರದು ಗಂಭೀರವಾದ ವೃತ್ತಿಜೀವನ. ಮೊದಲು ಸಾಕ್ಷ್ಯಚಿತ್ರಗಳು: ಗಣಿ ಕಾರ್ಮಿಕರು, ಜೇನು ಸಾಕುವವರು, ಟ್ರಾಮ್ ಓಡಿಸುವ ಹೆಂಗಸು. ಆಮೇಲೆ ಕಥಾಚಿತ್ರಗಳು. ನಟರಿಗೆ ನಟಿಸಬೇಡಿ ಎಂದು ಹೇಳಿ ಹೇಳಿ ಗಂಟಲು ಹೋದದ್ದರಿಂದ ಮತ್ತೆ ಸಾಕ್ಷ್ಯಚಿತ್ರಕ್ಕೇ ಮರಳಿದ್ದರಂತೆ. ಈಗಿನದು ಊರು ಬಿಟ್ಟು ಬಂದು ದುಡಿಯುವವರ ಕುರಿತು. ಅವರಿಗೆ ಉಳಿದದ್ದು ಒಂದೇ ಬೆಳಗು, ಸಂಜೆಗೆ ವಿಮಾನ. ತನ್ನ ಪಾಡಿಗೆ ದೋಸೆ ಹುಯ್ಯುವ ಮನುಷ್ಯನೊಬ್ಬ ಸಿಗದಿದ್ದರೆ ಚಿತ್ರದಲ್ಲಿ ಭಾರತವೇ ಇಲ್ಲ.

ಉಡುಪಿ ಬಿಟ್ಟು ಬಂದ ನಮ್ಮ ಬಾವನಲ್ಲಿಗೇ ಅವರನ್ನು ಕರೆದೊಯ್ದೆ. ಬೆಳಗಿನ ಹೊತ್ತು ಬಾವ ದೋಸೆ ಕಲ್ಲನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ನಿರ್ದೇಶಕರು ಕ್ಯಾಮೆರಾ ಹಿಡಿದು ಗೋಡೆಗೊರಗಿ ನಿಂತು, ತಾವು ಅಲ್ಲಿ ಇಲ್ಲವೆಂದೇ ಭಾವಿಸಬೇಕೆಂದು ಕೋರಿದರು. ನಾನು ಅನುವಾದಿಸಿದೆ. ಬಾವ ತಲೆಯಾಡಿಸಿದರು, ಹಿಟ್ಟು ಹುಯ್ದರು, ತಿರುಗಿ ನೋಡಿದರು.

"ನಿಂತೇ ಇದ್ದಾರಲ್ಲ ಮಾರಾಯ! ಒಂದು ಕಾಪಿ ಆದ್ರೂ ಕೊಡುವ."

"ಬಾವ, ಅವರ ಕಡೆ ನೋಡ್ಲಿಕ್ಕಿಲ್ಲ."

"ಗಿರಾಕಿ ಕಡೆ ನೋಡದೆ ಇಷ್ಟು ವರ್ಷ ಹೋಟೆಲ್ ನಡೆಸಿದ್ದಾ ನಾನು?"

"ಅವರು ಗಿರಾಕಿ ಅಲ್ಲ."

"ಹಾಗಾದ್ರೆ ನೆಂಟರು. ಅದು ಇನ್ನೂ ಕಷ್ಟ."

ಮತ್ತೊಮ್ಮೆ ಶುರುವಾಯಿತು. ಈ ಸಲ ಬಾವ ಇಡ್ಲಿ ತಟ್ಟೆ ಹಿಡಿದು ನೇರ ಕ್ಯಾಮೆರಾದತ್ತಲೇ ನಡೆದುಬಂದರು. ಅದರ ಮುಂದಿನ ಸಲ, "ಅರೇ, ಸಾಬ್ ಕೋ ಕುರ್ಸಿ ದೇ!" ಎಂಬ ಘರ್ಜನೆ, ಕುರ್ಚಿ ಬಂದು ಕಲ್ಲಿಗೆ ಅಡ್ಡ ನಿಂತಿತು. ಬಾಗಿಲ ಬಿಸಿಲು ಕಲ್ಲನ್ನು ಬಿಟ್ಟು ಗಲ್ಲಾದತ್ತ ಸರಿಯತೊಡಗಿತು. ಗಣಿಯೊಳಗೆ ಇಳಿದಿದ್ದ ಮಹನೀಯರ ಮುಖದಲ್ಲಿ ಭಯ ಕಂಡಿತು.

ಆಗ ನಾನು ಅನುವಾದಕನ ಎಲ್ಲೆ ಮೀರಿದೆ. ನೀವು ನಿಂತಿರುವ ತನಕ ನೀವು ಇಲ್ಲವೆಂದು ಇಲ್ಲಿ ಯಾರೂ ನಂಬುವುದಿಲ್ಲ, ಕೂತು ತಿನ್ನಿ ಎಂದೆ. ಉಡುಪಿ ಹೋಟೆಲಿನಲ್ಲಿ ತಿನ್ನುತ್ತಿರುವವನಷ್ಟು ಅದೃಶ್ಯ ಜೀವಿ ಬೇರೊಂದಿಲ್ಲ.

ಅವರು ಹತ್ತಿರದ ಮೇಜಿಗೆ ಕೂತರು. ಮಸಾಲೆ ದೋಸೆ ಬಂತು, ಜೊತೆಗೆ ಬಟ್ಟಲಲ್ಲಿ ಕಾಯಿ ಚಟ್ನಿ. ಎಡಗೈಯಲ್ಲಿ ಕ್ಯಾಮೆರಾ, ಬಲಗೈಯಲ್ಲಿ ತುತ್ತು. ಬಾವ ಓರೆಗಣ್ಣಿನಲ್ಲಿ ಒಮ್ಮೆ ನೋಡಿದರು. ದವಡೆ ಆಡುತ್ತಿರುವುದು ಖಾತ್ರಿಯಾಯಿತು. ಅಷ್ಟೇ, ಮರೆತರು. ಕಲ್ಲಿಗೆ ನೀರು ಚಿಮುಕಿಸಿ, ಪೊರಕೆಯಾಡಿಸಿ, ಹಿಟ್ಟು ಹುಯ್ದು, ಈರುಳ್ಳಿ ದಪ್ಪ ಹೆಚ್ಚಿದವನಿಗೆ ತುಳುವಿನಲ್ಲಿ ಬೈಯುತ್ತ, ಹಬೆಯೊಳಗೆ ಕರಗಿಹೋದರು. ನಿರ್ದೇಶಕರು ಜಗಿಯುವುದನ್ನು ಮರೆತರು.

ಮರುವರ್ಷ ಆ ಚಿತ್ರ ಠಾಣೆಗೆ ಬಂತು. ಬಾವ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ತೆರೆಯ ಮೇಲೆ ಅವರ ದೋಸೆ ಆಳೆತ್ತರ ಅರಳಿತು. ಚೌಕಟ್ಟಿನ ಕೆಳಗೆ ಬೆಳ್ಳಗೆ ಮಸುಕಾದ ಏನೋ ಒಂದು. ಅದು ವಲಸಿಗನ ನೆನಪಿನ ಮಂಜು ಎಂದು ಸೊಸೈಟಿಯ ವಿದ್ವಾಂಸರೊಬ್ಬರು ವಿವರಿಸಿದರು.

ಬಾವ ನನ್ನ ಕಿವಿಯ ಬಳಿ ಬಗ್ಗಿ, ನಿಜವಾಗಿಯೂ ನೊಂದವರಂತೆ ಹೇಳಿದರು: "ಎಲ್ಲ ಸರಿ ಮಾರಾಯ. ಆದ್ರೆ ನೋಡು, ಚಟ್ನಿ ಮುಟ್ಟಲೇ ಇಲ್ಲ ಅವರು."